ಟ್ರಂಕಿನ ಕಾಮಿಕ್ಸ್‌ಗೆ ಪಟ್ಟಿ ಮತ್ತು ಬೆಲೆ: ಸಾಫ್ಟ್‌ವೇರ್ ಆರಿಸುವುದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಮನೆಗಳ ಅಟ್ಟದಲ್ಲೋ ತೋಟದ ಬಂಗಲೆಯ ಬೀರುವಿನಲ್ಲೋ ಇರುವ ತಗಡಿನ ಟ್ರಂಕು ತೆರೆದರೆ ಒಳಗಿರುವ ಕಾಮಿಕ್ಸ್ ಒಂದೇ ಜಾತಿಯದಾಗಿರುವುದಿಲ್ಲ. ಕನ್ನಡದ ಅಮರ ಚಿತ್ರ ಕಥೆ, ಇಂಗ್ಲಿಷ್ ಇಂದ್ರಜಾಲ್, ಟಿಂಕಲ್‌ನ ಒಂದು ಕಟ್ಟು, ರೈಲು ಹತ್ತುವಾಗ ಕೊಂಡ ಹಿಂದಿ ಡೈಮಂಡ್ ಕಾಮಿಕ್ಸ್, ಬೆಂಗಳೂರಿಗೆ ಓದಲು ಹೋದವರು ತಂದ ಮಾರ್ವೆಲ್ ಮತ್ತು ಡಿಸಿ, ಎಲ್ಲವೂ ಕಲಸಿಕೊಂಡಿರುತ್ತವೆ. ಯಾವ ಸಾಫ್ಟ್‌ವೇರ್ ಬೇಕು ಎಂಬುದನ್ನು ಈ ಕಲಸುಮೇಲೋಗರವೇ ಹೇಳಬೇಕು, ಜಾಹೀರಾತಲ್ಲ. ಹೆಸರಾಂತ ಕಾಮಿಕ್ಸ್ ಆಪ್‌ಗಳು ಅಮೆರಿಕದ ಸಂಚಿಕೆಗಳಿಗಾಗಿ ಹುಟ್ಟಿದವು. ಬಾರ್‌ಕೋಡ್ ತೋರಿಸಿದರೆ ಹೆಸರು, ತಿಂಗಳು, ಮುಖಪುಟ, ಬೆಲೆ ಎಲ್ಲ ತಾವೇ ತುಂಬಿಕೊಳ್ಳುತ್ತವೆ. ನಮ್ಮ 1970ರ ದಶಕದ ಪುಸ್ತಕಕ್ಕೆ ಬಾರ್‌ಕೋಡೇ ಇಲ್ಲ.

ಮೊದಲು ಎಣಿಸಿ

ಏನನ್ನೂ ಡೌನ್‌ಲೋಡ್ ಮಾಡುವ ಮುಂಚೆ ಪುಸ್ತಕಗಳನ್ನು ನೆಲಕ್ಕೆ ಚಾಪೆ ಹಾಸಿ ನಾಲ್ಕು ಗುಡ್ಡೆ ಮಾಡಿ: ಬಾರ್‌ಕೋಡ್ ಇರುವ ವಿದೇಶಿ ಸಂಚಿಕೆಗಳು, ಬಾರ್‌ಕೋಡ್ ಇರುವ ಭಾರತದ ಮುದ್ರಣಗಳು, ಬಾರ್‌ಕೋಡ್ ಇಲ್ಲದ ಇಂಗ್ಲಿಷ್ ಮತ್ತು ಹಿಂದಿ, ಬಾರ್‌ಕೋಡ್ ಇಲ್ಲದ ಕನ್ನಡ. ಪ್ರತಿ ಗುಡ್ಡೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲನೇ ಗುಡ್ಡೆಯೇ ಮುಕ್ಕಾಲು ಪಾಲಿದ್ದರೆ ಹಣ ಕೊಟ್ಟು ಕಾಮಿಕ್ಸ್ ಆಪ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಕೊನೆಯ ಎರಡು ಗುಡ್ಡೆಗಳೇ ಹೆಚ್ಚಾಗಿದ್ದರೆ ಆ ಚಂದಾ ದುಡ್ಡು ದಂಡ. ಹೇಗೂ ಎಲ್ಲವನ್ನೂ ನೀವೇ ಟೈಪ್ ಮಾಡಬೇಕು.

ಸಮಯದ ಲೆಕ್ಕವನ್ನೂ ಈಗಲೇ ಹಾಕಿ. ಬಾರ್‌ಕೋಡ್ ಇಲ್ಲದ ಒಂದು ಪುಸ್ತಕಕ್ಕೆ ಪುಟ ಎಣಿಸಿ, ವಿವರ ಬರೆದು, ಎರಡು ಫೋಟೊ ತೆಗೆಯಲು 3 ನಿಮಿಷ ಎಂದಿಟ್ಟುಕೊಂಡರೂ 400 ಪುಸ್ತಕಕ್ಕೆ 20 ಗಂಟೆ. ದಿನಕ್ಕೆ ಒಂದು ಗಂಟೆಯಂತೆ 20 ದಿನ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಇರುವವರು ಈ ಕೆಲಸವನ್ನು ಕಾಫಿ ಕುಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದು ಒಳ್ಳೆಯದು. ಆರಿದ್ರಾ ಮಳೆ ಹಿಡಿದ ಮೇಲೆ ಪುಸ್ತಕಗಳನ್ನು ದಿನಗಟ್ಟಲೆ ಹರಡಿಟ್ಟರೆ ಕಾಗದ ತೇವ ಎಳೆದುಕೊಂಡು ಅಲೆ ಅಲೆಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಅರಸೀಕೆರೆ, ಕಡೂರು ಕಡೆ ಆ ತೊಂದರೆ ಕಡಿಮೆ. ಅಲ್ಲಿ ಧೂಳು ಮತ್ತು ಗೆದ್ದಲಿನ ಮೇಲೆ ಕಣ್ಣಿಡಬೇಕು.

ಒಂದು ಪುಸ್ತಕಕ್ಕೆ ಏನೇನು ಬರೆಯಬೇಕು

ಸಾಫ್ಟ್‌ವೇರ್‌ಗಿಂತ ಮುಂಚೆ ಕಾಲಂಗಳು ತೀರ್ಮಾನವಾಗಬೇಕು. ನಿಮಗೆ ಬೇಕಾದ ಕಾಲಂ ಇಲ್ಲದ, ಹೊಸದಾಗಿ ಸೇರಿಸಲೂ ಬಿಡದ ಆಪ್ ಎಷ್ಟೇ ಚೆಂದ ಕಂಡರೂ ಕೈಬಿಡಿ.

ಪ್ರತಿ ಪುಸ್ತಕಕ್ಕೆ ನಿಮ್ಮದೇ ಕ್ರಮಸಂಖ್ಯೆ ಕೊಡಿ: 0001, 0002 ಹೀಗೆ. ಒಂದೇ ಸಂಚಿಕೆಯ ಎರಡು ಪ್ರತಿ ಇದ್ದರೆ ಎರಡಕ್ಕೂ ಬೇರೆ ಬೇರೆ ಸಂಖ್ಯೆ, ಏಕೆಂದರೆ ಸ್ಥಿತಿ ಬೇರೆ, ಬೆಲೆ ಬೇರೆ. ಪುಸ್ತಕದ ಮೇಲೆ ಪೆನ್ನಿನಲ್ಲಿ ಬರೆಯಬೇಡಿ. ಅದು ಹಾಕಿರುವ ಕವರಿನ ಮೇಲೆ ಚೀಟಿ ಅಂಟಿಸಿ. ಆಮೇಲೆ ಸರಣಿ, ಸಂಚಿಕೆ ಸಂಖ್ಯೆ, ಶೀರ್ಷಿಕೆ, ಭಾಷೆ, ಪ್ರಕಾಶಕರು, ಮುಖಬೆಲೆ, ತಿಂಗಳು ಮತ್ತು ವರ್ಷ, ಪುಟಸಂಖ್ಯೆ, ಸ್ಥಿತಿ, ಇಟ್ಟಿರುವ ಜಾಗ, ಕೊಂಡ ಬೆಲೆ, ಈಗಿನ ಅಂದಾಜು, ಅಂದಾಜು ಮಾಡಿದ ದಿನ. ಇಷ್ಟು ಸಾಕು. ಬರಹಗಾರ, ಕಲಾವಿದರ ಹೆಸರಿಗೆ ಜಾಗ ಬಿಡಿ, ಆದರೆ ಅದನ್ನು ತುಂಬುವ ತನಕ ಕೆಲಸ ನಿಲ್ಲಿಸಬೇಡಿ.

ಸಂಚಿಕೆ ಸಂಖ್ಯೆಯಲ್ಲೇ ಹೆಚ್ಚಿನವರು ಎಡವುವುದು. ಇಂದ್ರಜಾಲ್ 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಮೊದಲ ಸುಮಾರು ಎರಡು ದಶಕ 1, 2, 3 ಎಂದು ನೇರ ಸಂಖ್ಯೆ ಇತ್ತು. 1980ರ ದಶಕದಲ್ಲಿ ಅದನ್ನು ಬಿಟ್ಟು ಸಂಪುಟ 20, ಸಂಖ್ಯೆ 1 ಎಂಬ ಕ್ರಮಕ್ಕೆ ಹೋದರು. ಹಾಗಾಗಿ ಸಂಪುಟಕ್ಕೊಂದು, ಸಂಖ್ಯೆಗೊಂದು ಎಂದು ಎರಡು ಕಾಲಂ ಬೇಕು. ಅಮರ ಚಿತ್ರ ಕಥೆಯದು ಇನ್ನೂ ಸ್ವಾರಸ್ಯ. ಇಂಗ್ಲಿಷ್ ಸರಣಿ 1ರಿಂದ ಶುರುವಾಗುವುದೇ ಇಲ್ಲ, ಕೃಷ್ಣನ ಕಥೆಯ ಸಂಚಿಕೆ 11ರಿಂದ ಶುರುವಾಗುತ್ತದೆ. ಮೊದಲ ಹತ್ತು ಪಾಶ್ಚಾತ್ಯ ಕಿನ್ನರ ಕಥೆಗಳು, ಅವು ಬಂದದ್ದು ಕನ್ನಡದಲ್ಲಿ: ಆಗಿನ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ, 1965ರಲ್ಲಿ. ಆ ಹತ್ತರಲ್ಲಿ ಒಂದು ಮಲೆನಾಡಿನ ಯಾವುದಾದರೂ ಅಟ್ಟದಲ್ಲಿ ಇದ್ದರೆ ಅದನ್ನು ಜೋಪಾನ ಮಾಡುವುದು ಎಲ್ಲ ಕೆಲಸಕ್ಕಿಂತ ಮೊದಲು. ಮುಂದೆ ಮರುಮುದ್ರಣ ಮಾಡುವಾಗ ಕೃಷ್ಣನ ಸಂಚಿಕೆಗೆ 501 ಎಂಬ ಹೊಸ ಸಂಖ್ಯೆ ಬಂತು. ಅಂದರೆ ಒಂದೇ ಕಥೆ ಎರಡು ಸಂಖ್ಯೆಯಲ್ಲಿ ಇದೆ, ಎರಡರ ಬೆಲೆಯೂ ಒಂದಲ್ಲ. ಇಂಗ್ಲಿಷ್ ಪಟ್ಟಿ ನೋಡಿ ಕನ್ನಡ ಪ್ರತಿಗೆ ಸಂಖ್ಯೆ ತುಂಬಬೇಡಿ. ನಿಮ್ಮ ಕೈಯಲ್ಲಿರುವ ಪ್ರತಿಯ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಬರೆಯಿರಿ.

ವರ್ಷ ಅಚ್ಚಾಗಿರದ ಪ್ರತಿಗಳು ಬಹಳ. ಅವುಗಳ ಕಾಲವನ್ನು ವಿಳಾಸದಿಂದ ಹಿಡಿಯಬಹುದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಬಾಂಬೆ ಬದಲು ಮುಂಬೈ ಎಂದಿದ್ದರೆ 1995ರ ಈಚೆಯದೆಂದು ಹಿಡಿಯಬಹುದು. ಅಮರ ಚಿತ್ರ ಕಥೆಯ ಮೇಲೆ ಎಸಿಕೆ ಮೀಡಿಯಾ ಎಂದಿದ್ದರೆ 2007 ಅಥವಾ ಆಮೇಲಿನದು. ಒಳಗೆ ಬಿದ್ದಿರುವ ಲೈಬ್ರರಿ ಸ್ಟಾಂಪಿನಲ್ಲಿ ಊರಿನ ಹೆಸರಿನ ಕೆಳಗೆ ‘ಮೈಸೂರು ರಾಜ್ಯ’ ಎಂದಿದ್ದರೆ ಆ ಪ್ರತಿ ಹೆಚ್ಚೂಕಮ್ಮಿ 1973ರ ನವೆಂಬರ್ 1ಕ್ಕಿಂತ ಮುಂಚೆ ಅಲ್ಲಿತ್ತು ಎನ್ನಬಹುದು, ಹಳೇ ಸ್ಟಾಂಪನ್ನೇ ಕೆಲವು ವರ್ಷ ಒತ್ತಿರುವ ಸಾಧ್ಯತೆ ಬಿಟ್ಟರೆ. ಇಂಥವನ್ನು ‘1972ರ ನಂತರ’ ಎಂದೇ ಟಿಪ್ಪಣಿಯಲ್ಲಿ ಬರೆಯಿರಿ. ವರ್ಷದ ಕಾಲಂನಲ್ಲಿ ಊಹೆಯನ್ನು ತುರುಕಬೇಡಿ.

ಯಾವುದು ಯಾರಿಗೆ

ಸಿಎಲ್‌ಝಡ್ ಕಾಮಿಕ್ಸ್: ಫೋನ್ ಆಪ್, ವೆಬ್ ಎರಡೂ ಇವೆ, ಚಂದಾ ಕಟ್ಟಬೇಕು. ವಿದೇಶಿ ಸಂಚಿಕೆಗಳಿಗೆ ಇದರ ಬಾರ್‌ಕೋಡ್ ಕೆಲಸ ಚುರುಕಾಗಿದೆ, ಕವರ್‌ಪ್ರೈಸ್ ಎಂಬ ಸೇವೆಯ ಬೆಲೆಗಳನ್ನೂ ಜೋಡಿಸಿಕೊಳ್ಳಬಹುದು. ಫೋನ್ ಆಪ್ ಪಟ್ಟಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುವುದರಿಂದ ನೆಟ್ ಇಲ್ಲದಾಗಲೂ ತೆರೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತಾಗ ಇದರ ಬೆಲೆ ಗೊತ್ತಾಗುತ್ತದೆ. ವೆಬ್ ಆವೃತ್ತಿಗೆ ನೆಟ್ ಬೇಕೇ ಬೇಕು.

ಕಾಮಿಕ್‌ಬೇಸ್ ವಿಂಡೋಸ್ ಕಂಪ್ಯೂಟರಿಗೆ ಇರುವ ಹಳೇ ಸಾಫ್ಟ್‌ವೇರ್, 1992ರಿಂದ ಇದೆ. ಅದೂ ಅಮೆರಿಕದ ಕಾಮಿಕ್ಸ್ ಸುತ್ತಲೇ ಕಟ್ಟಿದ್ದು. ಲೀಗ್ ಆಫ್ ಕಾಮಿಕ್ ಗೀಕ್ಸ್ ಉಚಿತ, ತಿಂಗಳು ತಿಂಗಳು ಹೊಸ ಮಾರ್ವೆಲ್, ಡಿಸಿ ಕೊಳ್ಳುವವರಿಗೆ ಸರಿ, ಹಳೇ ಟ್ರಂಕಿಗೆ ಅಷ್ಟೇನೂ ಉಪಯೋಗವಿಲ್ಲ.

ಗ್ರಾಂಡ್ ಕಾಮಿಕ್ಸ್ ಡೇಟಾಬೇಸ್ ಬೇರೆಯೇ ಬಗೆ. ಸ್ವಯಂಸೇವಕರು 1994ರಿಂದ ಕಟ್ಟುತ್ತಿರುವ ವಿವರಗಳ ಭಂಡಾರ ಅದು. ಮಾರುಕಟ್ಟೆ ಬೆಲೆ ಹೇಳುವುದಿಲ್ಲ. ಯಾವ ಸಂಚಿಕೆ, ಯಾವ ತಿಂಗಳು, ಒಳಗೆ ಯಾವ ಕಥೆ ಎಂದು ತಾಳೆ ನೋಡಲು ಬಳಸಿ. ಅಲ್ಲಿ ಇಲ್ಲದ ಕನ್ನಡ ಸಂಚಿಕೆಯನ್ನು ನೀವೇ ಸೇರಿಸಬಹುದು. ಆ ಕೆಲಸ ದಯವಿಟ್ಟು ಮಾಡಿ. ಕನ್ನಡ ಕಾಮಿಕ್ಸ್‌ನ ಪೂರ್ಣ ಪಟ್ಟಿ ನಮ್ಮಂಥವರ ಟ್ರಂಕುಗಳಿಂದಲೇ ಆಗಬೇಕು, ಬೇರೆ ಎಲ್ಲಿಂದಲೂ ಬರುವುದಿಲ್ಲ.

ಕನ್ನಡ ಮತ್ತು ಹಳೇ ಭಾರತೀಯ ಪುಸ್ತಕಗಳೇ ಜಾಸ್ತಿ ಇರುವವರಿಗೆ ನಮ್ಮ ಸಲಹೆ ನೇರವಾಗಿದೆ: ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್. ಫೋನಿನಲ್ಲೇ ಮಾಡಬೇಕು, ಫೋಟೊ ಸಾಲಿನ ಜೊತೆಗೇ ಇರಬೇಕು ಎಂದರೆ ಆಂಡ್ರಾಯ್ಡ್‌ನ ಮೆಮೆಂಟೊ ಡೇಟಾಬೇಸ್. ಬೇಕಾದ ಕಾಲಂ ನೀವೇ ಮಾಡಿಕೊಳ್ಳಬಹುದು, ನೆಟ್ ಇಲ್ಲದೆಯೂ ನಡೆಯುತ್ತದೆ. ಲಿನಕ್ಸ್ ಬಳಸುವವರಿಗೆ ಟೆಲಿಕೊ ಉಚಿತವಾಗಿ ಇದೇ ಕೆಲಸ ಮಾಡುತ್ತದೆ.

20 ಪುಸ್ತಕದ ಪರೀಕ್ಷೆ

ಆರಿಸಿದ್ದನ್ನು ತಕ್ಷಣ ನಂಬಬೇಡಿ. ನಾಲ್ಕು ಗುಡ್ಡೆಯಿಂದ ಐದೈದರಂತೆ 20 ಪುಸ್ತಕ ತೆಗೆದು ಪೂರ್ತಿ ವಿವರ ತುಂಬಿ. ಒಂದೇ ಸಂಚಿಕೆಯ ಎರಡು ಪ್ರತಿ, ಮುಖಪುಟ ಹರಿದುಹೋದ ಒಂದು, ಸಂಖ್ಯೆಯೇ ಇಲ್ಲದ ಒಂದು ವಿಶೇಷಾಂಕ ಅದರಲ್ಲಿ ಇರಲಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪಟ್ಟಿ ತೆರೆಯುತ್ತದೆಯೇ ನೋಡಿ. ‘ಕೃಷ್ಣ’ ಎಂದು ಕನ್ನಡದಲ್ಲಿ ಹುಡುಕಿ. ಸಂಖ್ಯೆಯ ಪ್ರಕಾರ ಜೋಡಿಸಿ: 1, 10, 100, 2 ಎಂದು ಬಂದರೆ ಆ ಸಾಫ್ಟ್‌ವೇರ್ ಅಂಕಿಯನ್ನು ಅಕ್ಷರವೆಂದು ಓದುತ್ತಿದೆ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಇಡೀ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಯಾವ ಶೀಟ್ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸಾದಾ ಪಠ್ಯದ ಪಟ್ಟಿ) ಹೊರತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು, 20 ಸಾಲೂ, ನೀವು ಸೇರಿಸಿದ ಕಾಲಂಗಳೂ, ಟಿಪ್ಪಣಿಗಳೂ ಬಂದಿವೆಯೇ ಎಣಿಸಿ. ಬರದಿದ್ದರೆ 21ನೇ ಪುಸ್ತಕ ಟೈಪ್ ಮಾಡಬೇಡಿ. ಕಂಪನಿ ಮುಚ್ಚಿದ ದಿನ, ಚಂದಾ ನಿಂತ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಆ ಕಡತ ಮಾತ್ರ.

ಸಿಎಸ್‌ವಿ ತೆರೆದಾಗ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಂಡರೆ ಗಾಬರಿ ಬೇಡ, ಕಡತ ಕೆಟ್ಟಿಲ್ಲ. ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಕೆಲವೊಮ್ಮೆ ಅದನ್ನು ಯುಟಿಎಫ್-8 (ಕನ್ನಡ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮ) ಎಂದು ಗುರುತಿಸುವುದಿಲ್ಲ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಲ್ಲಿ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, 65001 ಯುಟಿಎಫ್-8 ಆರಿಸಿದರೆ ಸರಿಯಾಗಿ ಬರುತ್ತದೆ. ಲಿಬ್ರೆಆಫೀಸ್ ತೆರೆಯುವಾಗಲೇ ಇದನ್ನು ಕೇಳುತ್ತದೆ. ಚಿಹ್ನೆಗಳು ಕಾಣುತ್ತಿರುವಾಗ ಮಾತ್ರ ಸೇವ್ ಒತ್ತಬೇಡಿ. ಒತ್ತಿದರೆ ಆ ಪ್ರತಿ ನಿಜಕ್ಕೂ ಕೆಡುತ್ತದೆ.

ಟೈಪ್ ಮಾಡುವಾಗ ಕೆಡುವುದು

ಇಂದ್ರಜಾಲ್‌ನ ಸಂಪುಟ 20, ಸಂಖ್ಯೆ 1 ಅನ್ನು ಒಂದೇ ಕೋಶದಲ್ಲಿ 20/1 ಎಂದು ಹೊಡೆದು ಎಂಟರ್ ಒತ್ತಿ ನೋಡಿ. ನಮ್ಮ ದೇಶದ ದಿನಾಂಕ ಕ್ರಮ ಇರುವ ಎಕ್ಸೆಲ್ ಅದನ್ನು ಜನವರಿ 20 ಎಂದು ಮಾಡಿಬಿಡುತ್ತದೆ. 20/2 ಫೆಬ್ರವರಿ 20. ಹೀಗೆ 20/12ರ ತನಕ ಎಲ್ಲವೂ ದಿನಾಂಕವಾಗಿ, 13ನೇ ತಿಂಗಳು ಇಲ್ಲದ್ದರಿಂದ 20/13 ಮಾತ್ರ ಹಾಗೇ ಉಳಿಯುತ್ತದೆ. ಆಮೇಲೆ ಜೋಡಿಸಲು ಹೋದರೆ ಮೊದಲ 12 ಒಂದು ಕಡೆ, ಉಳಿದವು ಇನ್ನೊಂದು ಕಡೆ. ಎರಡು ಕಾಲಂ ಮಾಡಿದರೆ ಈ ಕಾಟವಿಲ್ಲ. ಕ್ರಮಸಂಖ್ಯೆ ಮತ್ತು ಬಾರ್‌ಕೋಡ್ ಕಾಲಂಗಳನ್ನು ಟೈಪ್ ಮಾಡುವ ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿ. ಇಲ್ಲದಿದ್ದರೆ 0001ರ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ, ಪುಸ್ತಕದ 13 ಅಂಕಿಯ ಐಎಸ್‌ಬಿಎನ್ ಸಂಖ್ಯೆ ಗುರುತು ಸಿಗದಂತೆ ಮುದುರಿಕೊಳ್ಳುತ್ತದೆ.

ಕನ್ನಡದ್ದೇ ತೊಡಕು ಬೇರೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಯೂನಿಕೋಡ್‌ನಲ್ಲೂ ‘ಕರ್ಣ’ ಮತ್ತು ‘ಕರ‍್ಣ’ ಓದಲು ಒಂದೇ, ಕಂಪ್ಯೂಟರಿಗೆ ಎರಡು; ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಕೂತಿದೆ. ಫ್ಯಾಂಟಮ್, ಫ್ಯಾಂಟಂ, ಫಾಂಟಮ್ ಎಂದು ಮೂರು ಸಂಜೆ ಮೂರು ಬಗೆಯಲ್ಲಿ ಬರೆದರೆ ಹುಡುಕಿದಾಗ ಮೂರನೇ ಒಂದು ಪಾಲು ಪುಸ್ತಕ ಮಾತ್ರ ಸಿಗುತ್ತದೆ. ಸರಣಿ, ನಾಯಕ, ಭಾಷೆ, ಪ್ರಕಾಶಕ ಈ ನಾಲ್ಕನ್ನೂ ಟೈಪ್ ಮಾಡಲು ಬಿಡದೆ ಡ್ರಾಪ್‌ಡೌನ್ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಅಂಕಿಗಳನ್ನು ೧೨೩ ಎಂದು ಬರೆಯದೆ 123 ಎಂದೇ ಬರೆಯಿರಿ, ಇಲ್ಲದಿದ್ದರೆ ಕೂಡಿಸುವ ಸೂತ್ರ ನಡೆಯದೇ ಹೋಗಬಹುದು.

ಅಮೆರಿಕದ ಸಂಚಿಕೆಗಳ ಬಾರ್‌ಕೋಡಿನಲ್ಲಿ 12 ಅಂಕಿಯ ಪಕ್ಕ 5 ಅಂಕಿಯ ಚಿಕ್ಕ ತುಂಡು ಇರುತ್ತದೆ. ಅದರ ಮೊದಲ ಮೂರು ಅಂಕಿ ಸಂಚಿಕೆ, ನಾಲ್ಕನೆಯದು ಯಾವ ಮುಖಪುಟ, ಐದನೆಯದು ಎಷ್ಟನೇ ಮುದ್ರಣ. 01221 ಎಂದರೆ 12ನೇ ಸಂಚಿಕೆ, ಎರಡನೇ ಮುಖಪುಟ, ಮೊದಲ ಮುದ್ರಣ. ಫೋನ್ ಆ ಚಿಕ್ಕ ತುಂಡನ್ನು ಬಿಟ್ಟು ಓದಿದರೆ ಆಪ್ ಆ ಸರಣಿಯ ಯಾವುದೋ ಸಂಚಿಕೆ ತೋರಿಸುತ್ತದೆ. ಕವರಿನ ಪ್ಲಾಸ್ಟಿಕ್ ಹೊಳೆಯುವಾಗ ಹೀಗಾಗುವುದು ಹೆಚ್ಚು. ಹೊರಗೆ ತೆಗೆದು, ಫೋನನ್ನು ಸ್ವಲ್ಪ ಓರೆ ಹಿಡಿಯಿರಿ.

ಸ್ಥಿತಿ

ಸಿಜಿಸಿ ಎಂಬ ಅಮೆರಿಕದ ಸಂಸ್ಥೆ 2000ದಿಂದ 0.5ರಿಂದ 10ರ ತನಕ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತದೆ. ಮನೆಯಲ್ಲಿ 9.2 ಮತ್ತು 9.4ರ ನಡುವೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹೊಸದರಂತೆ, ಚೆನ್ನಾಗಿದೆ, ಓದಿದ್ದು, ಸವೆದದ್ದು, ಅಪೂರ್ಣ ಎಂಬ ಐದು ಮೆಟ್ಟಿಲು ಸಾಕು. ಮೆಟ್ಟಿಲಿಗಿಂತ ದೋಷದ ಟಿಪ್ಪಣಿ ಮುಖ್ಯ. ನಡುಪುಟ ತೆರೆದು ಪಿನ್ ನೋಡಿ: ತುಕ್ಕು ಪಿನ್ನಿನ ಮೇಲೆ ಮಾತ್ರ ಇದೆಯೇ, ಕಾಗದಕ್ಕೂ ಇಳಿದು ಕಂದು ಕಲೆಯಾಗಿದೆಯೇ, ನಡುಹಾಳೆ ಕಳಚಿದೆಯೇ. ಮಲೆನಾಡಿನ ಪ್ರತಿಗಳಲ್ಲಿ ಮೊದಲು ಕೆಡುವುದೇ ಅದು. ಆಮೇಲೆ ಪುಟ ಎಣಿಸಿ. ಕತ್ತರಿಸಿದ ಕೂಪನ್, ತುಂಬಿದ ಪದಬಂಧ, ಪೆನ್ನಿನಲ್ಲಿ ಬರೆದ ಹೆಸರು, ಬಾಡಿಗೆ ಲೈಬ್ರರಿಯ ಸ್ಟಾಂಪು, ಬೆನ್ನಿಗೆ ಅಂಟಿಸಿದ ಟೇಪು, ಎಲ್ಲವನ್ನೂ ಬರೆಯಿರಿ. ವರ್ಷದ ಸಂಚಿಕೆಗಳನ್ನು ಹೊಲಿದು ಬೈಂಡ್ ಮಾಡಿಸಿದ್ದರೆ ಬಿಚ್ಚಬೇಡಿ. ಬಿಚ್ಚಿದರೆ ಅಂಚು ಕತ್ತರಿಸಿದ ತೂತುಬಿದ್ದ ಬಿಡಿ ಪ್ರತಿಗಳಾಗುತ್ತವೆ, ಬೈಂಡೂ ಹೋಗುತ್ತದೆ.

ಬೆಲೆ

ಆಪ್ ತೋರಿಸುವ ಬೆಲೆಯನ್ನು ಮೂರು ಕಾರಣಕ್ಕೆ ಅನುಮಾನಿಸಬೇಕು. ಒಂದು, ಭಾರತದಲ್ಲಿ ಮರುಮುದ್ರಣವಾದ ಮಾರ್ವೆಲ್, ಡಿಸಿ ಸಂಚಿಕೆಯನ್ನು ಅದೇ ಹೆಸರಿನ ಅಮೆರಿಕದ ಮೂಲ ಸಂಚಿಕೆಗೆ ಜೋಡಿಸಿ, ಸಾವಿರಾರು ರೂಪಾಯಿ ತೋರಿಸಬಹುದು. ಎರಡು, ಹಳೇ ಮುಖಪುಟವನ್ನೇ ಹಾಗ್‌ಹಾಗೇ ಅಚ್ಚು ಹಾಕಿದ ಫ್ಯಾಕ್ಸಿಮಿಲಿ ಆವೃತ್ತಿಗಳಿವೆ. ಮುಖಪುಟದ ಚಿತ್ರ ನೋಡಿ ಗುರುತಿಸುವ ಆಪ್ ಅದನ್ನು ಮೂಲ ಪ್ರತಿ ಎನ್ನುತ್ತದೆ. ಒಳಪುಟದ ಸಣ್ಣಕ್ಷರದ ಮುದ್ರಣ ವಿವರ ಮತ್ತು ರೂಪಾಯಿಯಲ್ಲಿರುವ ಮುಖಬೆಲೆ ಓದಿದರೆ ಎರಡೂ ಬಯಲಾಗುತ್ತವೆ. ಮೂರು, ಅಲ್ಲಿನ ದೊಡ್ಡ ಬೆಲೆಗಳು ಹೆಚ್ಚಾಗಿ ಅಂಕ ಕೊಟ್ಟು ಮುಚ್ಚಿದ ಪ್ರತಿಗಳದ್ದು. ಗೋಕಲೆಕ್ಟ್‌ನಂಥ ಸೇವೆಗಳು ಅವುಗಳ ಮಾರಾಟ ದಾಖಲಿಸುತ್ತವೆ. 1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ಬೆಲೆ ಪುಸ್ತಕವೂ ಅಮೆರಿಕದ ಮಾರುಕಟ್ಟೆಯದೇ.

ಇಂದ್ರಜಾಲ್, ಅಮರ ಚಿತ್ರ ಕಥೆ, ಕನ್ನಡ ಸಂಚಿಕೆಗಳಿಗೆ ನಿಮ್ಮದೇ ಮಾರಾಟದ ಹಾಳೆ ಬೇಕು. ಅದೇ ಕಡತದಲ್ಲಿ ಎರಡನೇ ಶೀಟ್ ತೆರೆದು ಸರಣಿ, ಸಂಖ್ಯೆ, ಭಾಷೆ, ಮುದ್ರಣ, ಸ್ಥಿತಿ, ಮಾರಾಟವಾದ ಬೆಲೆ, ದಿನಾಂಕ ಬರೆಯುತ್ತಾ ಹೋಗಿ. ವಾಟ್ಸ್ಆ್ಯಪ್, ಫೇಸ್‌ಬುಕ್ ಗುಂಪುಗಳಲ್ಲಿ ಕೇಳುವ ಬೆಲೆ ಲೆಕ್ಕಕ್ಕಿಲ್ಲ, ದುಡ್ಡು ಕೈ ಬದಲಾದದ್ದು ಮಾತ್ರ ಲೆಕ್ಕ. ಇಬೇ ಎಂಬ ಮಾರಾಟದ ಜಾಲತಾಣದಲ್ಲಿ ‘ಸೋಲ್ಡ್ ಐಟಮ್ಸ್’ (ಮಾರಾಟವಾದವು) ಎಂದು ಸೋಸಿ ನೋಡಿ. ಅಂಚೆ ಖರ್ಚು ಕಳೆಯಿರಿ. ಹತ್ತು ಪುಸ್ತಕದ ಕಟ್ಟು ಮಾರಾಟವಾಗಿದ್ದರೆ ಅದನ್ನು ಹತ್ತರಿಂದ ಭಾಗಿಸಿ ಬಿಡಿ ಬೆಲೆ ಎನ್ನಬೇಡಿ. ಕಟ್ಟಿನಲ್ಲಿ ಒಂದೆರಡಕ್ಕಾಗಿ ಉಳಿದದ್ದನ್ನೂ ಕೊಂಡಿರುತ್ತಾರೆ.

ಉದಾಹರಣೆಗೆ ಒಂದೇ ಸಂಚಿಕೆಯ ಐದು ಮಾರಾಟ 350, 400, 420, 500, 1,800 ರೂಪಾಯಿ ಎಂದುಕೊಳ್ಳಿ. ಸರಾಸರಿ ತೆಗೆದರೆ 694. ಆ ಬೆಲೆಗೆ ಹತ್ತಿರ ಕೂಡ ಯಾರೂ ಕೊಂಡಿಲ್ಲ. ಏರಿಕೆ ಕ್ರಮದಲ್ಲಿ ನಡುವೆ ಇರುವ 420 ಹಿಡಿಯಿರಿ. ಶೀಟಿನಲ್ಲಿ ಅದಕ್ಕೆ ಮೀಡಿಯನ್ ಸೂತ್ರವಿದೆ. 1,800 ಯಾಕೆ ಬಂತು ಎಂದು ಬೇರೆಯಾಗಿ ನೋಡಿ, ಮೊದಲ ಮುದ್ರಣದ ಹೊಸದರಂಥ ಪ್ರತಿ ಇರಬಹುದು. ಮೂರಕ್ಕಿಂತ ಕಡಿಮೆ ಮಾರಾಟ ಸಿಕ್ಕರೆ ಬೆಲೆಯ ಕಾಲಂ ಖಾಲಿ ಬಿಟ್ಟು ‘ಆಧಾರ ಸಾಲದು’ ಎಂದು ಬರೆಯಿರಿ. ಕನ್ನಡ ಪ್ರತಿಗಳಲ್ಲಿ ಬಹಳಷ್ಟಕ್ಕೆ ಹೀಗೇ ಆಗುತ್ತದೆ, ಅದು ಆ ಪುಸ್ತಕಕ್ಕೆ ಬೆಲೆಯಿಲ್ಲ ಎಂದಲ್ಲ. ಇಂಗ್ಲಿಷ್ ಪ್ರತಿಯ ಬೆಲೆಯನ್ನು ಮಾತ್ರ ಅಲ್ಲಿ ತುಂಬಬೇಡಿ. ವಿಮೆ ಮಾಡಿಸುವುದಾದರೆ ಅದೇ ಸ್ಥಿತಿಯ ಪ್ರತಿ ಮತ್ತೆ ಕೊಳ್ಳಲು ಎಷ್ಟಾಗುತ್ತದೆ ಎಂಬ ಲೆಕ್ಕ, ಒಟ್ಟಿಗೆ ಮಾರುವುದಾದರೆ ವ್ಯಾಪಾರಿ ಎಷ್ಟಕ್ಕೆ ಎತ್ತುತ್ತಾನೆ ಎಂಬ ಲೆಕ್ಕ. ಇವೆರಡು ಬೇರೆ ಕಾಲಂ.

ಫೋಟೊ ಮತ್ತು ನಕಲು

ಬೆಳಿಗ್ಗೆ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಮುಖಪುಟ ಒಂದು, ಮುದ್ರಣ ವಿವರದ ಪುಟ ಒಂದು. ಕಡತಕ್ಕೆ ಪುಸ್ತಕದ ಕ್ರಮಸಂಖ್ಯೆಯೇ ಹೆಸರು: 0123-1, 0123-2. ಒಂದೊಂದು ಅರ್ಧ ಎಂಬಿಯಂತೆ 400 ಪುಸ್ತಕಕ್ಕೆ ಸುಮಾರು 400 ಎಂಬಿ ಆಗುತ್ತದೆ, ಗೂಗಲ್‌ನ ಉಚಿತ 15 ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತದೆ. ಇನ್ನೊಂದು ನಕಲು ಪೆನ್‌ಡ್ರೈವಿನಲ್ಲಿ, ಅದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಟ್ರಂಕಿನೊಳಗೇ ಪೆನ್‌ಡ್ರೈವ್ ಇಟ್ಟರೆ ನೀರು ನುಗ್ಗಿದ ದಿನ ಎರಡೂ ಹೋಗುತ್ತವೆ.

ಜಾಗದ ಕಾಲಂ ಪ್ರತಿ ಮಳೆಗಾಲದ ಮುಂಚೆ ಸರಿಪಡಿಸಿ, ಆಗಲೇ ಹತ್ತು ಪುಸ್ತಕಕ್ಕೊಂದರಂತೆ ತೆಗೆದು ಪಿನ್ ನೋಡಿ ಸ್ಥಿತಿ ಮತ್ತೆ ಬರೆಯಿರಿ. ಬೆಲೆಯನ್ನು ವರ್ಷಕ್ಕೊಮ್ಮೆ ತಿದ್ದಿದರೆ ಸಾಕು. ಪುಸ್ತಕ ಮಾರಿದರೆ ಅದರ ಸಾಲು ಅಳಿಸಬೇಡಿ: ‘ಮಾರಿದ್ದು’ ಎಂದು ಗುರುತು ಹಾಕಿ, ಬಂದ ದುಡ್ಡು ಮತ್ತು ದಿನಾಂಕವನ್ನು ಮಾರಾಟದ ಹಾಳೆಗೆ ಸೇರಿಸಿ. ಆ ಕ್ರಮಸಂಖ್ಯೆಯನ್ನು ಇನ್ನೊಂದು ಪುಸ್ತಕಕ್ಕೆ ಕೊಡಬೇಡಿ.